ಆಕಾಶದ ತಲೆಗೋ, ಸರ್ಕಾರದ ತಲೆಗೋ

ಸಂವಹನವನ್ನೇ ಶಾಸ್ತ್ರವಾಗಿ ಓದುತ್ತಿರುವವರಿಗೆ ಬಾಯಿಬಿಟ್ಟು ಒಂದು ಮಾತು ಕೇಳಲು ಬಾರದು ಎಂದರೆ ವಾಚಕರು ನನ್ನದು ಕುಚೋದ್ಯವೆಂದುಕೊಂಡಾರು. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿಯನ್ನು ಕಾಣುವವರೆಗೆ ನಾನೂ ಅದನ್ನು ನಂಬುತ್ತಿರಲಿಲ್ಲ.

ಚಳ್ಳಕೆರೆಯ ಕಡೆಯವಳು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು. ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಮೈಸೂರಿಗೆ ಬಂದಿದ್ದಳು. ಈ ಊರಿಗೂ ಆ ವಿದ್ಯೆಗೂ ಹಳೆಯ ನಂಟು. 1951ರಷ್ಟು ಹಿಂದೆಯೇ ನಾಡಿಗ ಕೃಷ್ಣಮೂರ್ತಿಯವರು ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಆರಂಭಿಸಿದ್ದರು. ಜೀವಮಾನವೆಲ್ಲ ಪತ್ರಿಕಾ ಕಛೇರಿಯಲ್ಲಿ ಅನ್ಯರ ವಾಕ್ಯಗಳನ್ನು ತಿದ್ದಿ ನಿವೃತ್ತನಾದ ನನಗೆ, ಸುದ್ದಿಯ ಮೇಲೂ ಮಹಾಪ್ರಬಂಧ ಬರೆಯಬಹುದೆಂಬುದು ಮೊದಮೊದಲು ತಮಾಷೆಯಾಗಿಯೇ ಕಂಡಿತ್ತು.

ಅವಳ ವಿಷಯ ಬರಗಾಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವಷ್ಟೆ. ಕನ್ನಡ ದಿನಪತ್ರಿಕೆಗಳು ಆ ಬರದ ಹೊಣೆಯನ್ನು ಯಾರ ತಲೆಗೆ ಕಟ್ಟಿದವು? ಆಕಾಶದ ತಲೆಗೋ, ಸರ್ಕಾರದ ತಲೆಗೋ, ಕೊಳವೆಬಾವಿ ಕೊರೆಸಿದ ರೈತನ ತಲೆಗೋ? ಸ್ವತಃ ಬರ ಕಂಡವಳು ಕೇಳಬಹುದಾದ ಪ್ರಶ್ನೆಯೇ.

ಒಂದು ಸಂಜೆ ಕೆಳಗಿಳಿದು ಬಂದು ನನ್ನಾಕೆಯನ್ನು ಕೇಳಿದಳು: “ಅಮ್ಮಾ, ಒಂದು ಲಕೋಟೆ ಇದ್ದರೆ ಕೊಡ್ತೀರಾ?”

ಈ ಕಾಲದಲ್ಲಿ ಲಕೋಟೆ ಕೇಳುವವರು ಯಾರು! ನನ್ನಾಕೆ ಲಕೋಟೆಯನ್ನು ಕೈಯಲ್ಲೇ ಹಿಡಿದುಕೊಂಡು, ಅದರೊಳಕ್ಕೆ ಹೋಗುವ ಕಾಗದವಾವುದೆಂದು ವಿಚಾರಿಸಿದಳು. ಸಂಶೋಧನೆಯನ್ನು ಕೈಬಿಡುವುದಾಗಿ ಬರೆದ ಅರ್ಜಿ! ಹುಡುಗಿ ಅಳಲಿಲ್ಲ, ಅತ್ತು ಮುಗಿದಿತ್ತೆಂದು ತೋರುತ್ತದೆ.

ಕಾರಣ ಕೇಳಿದರೆ ಒಂದೇ ಒಂದು ಪದ. ಅವಳ ಮೂರನೆಯ ಅಧ್ಯಾಯದ ಅಂಚಿನಲ್ಲಿ ಮಾರ್ಗದರ್ಶಕರು ‘ರಿಲಯಬಿಲಿಟಿ’ ಎಂದು ಬರೆದು, ಮುಂದೊಂದು ಪ್ರಶ್ನೆಚಿಹ್ನೆ ಇಟ್ಟಿದ್ದರು. ಅದರ ಅರ್ಥ ತಿಳಿಯಲಿಲ್ಲ, ತಿಳಿಯಲಿಲ್ಲವೆನ್ನಲು ನಾಚಿಕೆ, ಮೂರು ವಾರದಿಂದ ಅತ್ತ ಸುಳಿದಿರಲಿಲ್ಲ. ಮಾರ್ಗದರ್ಶಕರು ಕೆಟ್ಟವರೇನಲ್ಲ. ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಎಂಟು ಮಂದಿಯವರೆಗೆ ಸಂಶೋಧಕರಿರಬಹುದೆಂದು ಯು.ಜಿ.ಸಿ. ನಿಯಮವೇ ಹೇಳುತ್ತದೆ. ಎಂಟು ಅಧ್ಯಾಯಗಳ ಅಂಚಿನಲ್ಲಿ ಗೀಚುವವರಿಗೆ ಒಂದು ಪದ ಸಾಕೆನಿಸಿದ್ದರೆ ಅಚ್ಚರಿಯಿಲ್ಲ. ಹಣದ ಚಿಂತೆಯೂ ಜೊತೆಗಿತ್ತು. ನೆಟ್ ಪರೀಕ್ಷೆಯಲ್ಲಿ ಫೆಲೋಷಿಪ್ ಗೆದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಗೊತ್ತಾಗಿದೆ. ಆದರೆ ಆ ವಿಷಯದ ಪ್ರಶ್ನೆಗಳು ಇಂಗ್ಲಿಷ್ ಹಿಂದಿಗಳಲ್ಲಿ ಮಾತ್ರ. ಗೆಲ್ಲದ ನಮ್ಮ ಹುಡುಗಿ ಬೀದಿಯ ಮಕ್ಕಳಿಗೆ ಮನೆಪಾಠ ಹೇಳಿ ಬಾಡಿಗೆ ತೆರುತ್ತಿದ್ದಳು.

ಲಕೋಟೆ ಬೀರುವಿಗೆ ಹಿಂದಿರುಗಿತು. ಮರುದಿನ ಗ್ರಂಥಾಲಯದಿಂದ ತಂದ ಪುಸ್ತಕವನ್ನು ಇಬ್ಬರೂ ಕುಳಿತು ಓದಿದೆವು. ಸಂಗತಿ ಇಷ್ಟೇ: ಒಂದೇ ಸುದ್ದಿಯನ್ನು ಇಬ್ಬರು ಬೇರೆ ಬೇರೆ ಕುಳಿತು ಓದಿ, ಕೊಟ್ಟಿರುವ ನಿಯಮದಂತೆ ಗುರುತು ಹಾಕಬೇಕು. ಇಬ್ಬರ ಗುರುತುಗಳೂ ಕೂಡಿಬಂದರೆ ನಿಯಮ ಗಟ್ಟಿ. ಇಲ್ಲವಾದರೆ ಅದು ಸಂಶೋಧಕಿಯ ಸ್ವಂತ ಅಭಿಪ್ರಾಯ ಮಾತ್ರ. ಕಣ್ಣುಮುಚ್ಚಿ ಗುರುತು ಹಾಕಿದರೂ ಕೆಲವು ಹೊಂದಿಕೆಯಾಗುತ್ತವಲ್ಲ, ಆ ಅದೃಷ್ಟದ ಪಾಲನ್ನು ಕಳೆಯುವ ಲೆಕ್ಕವೊಂದನ್ನು ಜೇಕಬ್ ಕೋಹೆನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ. ಅದಕ್ಕೆ ಕಪ್ಪಾ ಎಂದು ಹೆಸರು. ಪೂರ್ಣ ಒಮ್ಮತವಾದರೆ 1; ಬರೀ ಅದೃಷ್ಟವಾದರೆ ಸೊನ್ನೆ.

ಗುರುತು ಹಾಕುವ ಇಬ್ಬರು ಬೇಕಲ್ಲ? ಮೂವತ್ತೆಂಟು ವರ್ಷ ಸಂಸಾರ ಮಾಡಿದ ನಾವಿಬ್ಬರಿದ್ದೆವು.

ಐವತ್ತು ಸುದ್ದಿಗಳು. ನಾನು ಹಜಾರದಲ್ಲಿ, ಆಕೆ ಅಡಿಗೆಮನೆಯಲ್ಲಿ. ನಡುವೆ ಹುಡುಗಿಯ ಕಾವಲು. ಫಲಿತಾಂಶ: ಮೂವತ್ತೊಂದರಲ್ಲಿ ಮಾತ್ರ ಒಮ್ಮತ. ಕಪ್ಪಾ 0.42! ದಾಂಪತ್ಯಕ್ಕೆ ಅದು ಧಾರಾಳವಿರಬಹುದು, ಶಾಸ್ತ್ರಕ್ಕೆ 0.80 ಆದರೂ ಇದ್ದರೆ ನೆಮ್ಮದಿ.

“ಮಳೆ ಬರಲಿಲ್ಲ, ಟ್ಯಾಂಕರೂ ಬರಲಿಲ್ಲ ಅಂತ ಬರೆದಿದೆ. ನೀವು ಆಕಾಶ ಅಂತ ಹಾಕಿದ್ದೀರಿ,” ಎಂದು ನನ್ನಾಕೆ ಮೇಲೆ ಬಿದ್ದಳು. “ಮಳೆ ಬಾರದ್ದಕ್ಕೆ ಆಕಾಶ ಸರಿ. ಟ್ಯಾಂಕರ್ ಬಾರದ್ದಕ್ಕೂ ಆಕಾಶವೇ?”

ನಾನು ಉತ್ತರ ಹುಡುಕುತ್ತಿದ್ದಾಗ ಹುಡುಗಿ ಲೇಖನಿ ತೆಗೆದು ಬರೆಯತೊಡಗಿದ್ದಳು. ನಿಯಮದಲ್ಲಿ ಎರಡು ಕಾರಣಗಳಿಗೆ ಎಡೆಯೇ ಇರಲಿಲ್ಲ! ತಪ್ಪು ನನ್ನದೂ ಅಲ್ಲ, ನನ್ನಾಕೆಯದೂ ಅಲ್ಲ. “ಎರಡು ಕಾರಣಗಳಿದ್ದಲ್ಲಿ, ಶೀರ್ಷಿಕೆಯಲ್ಲಿ ಬಂದಿರುವುದನ್ನೇ ಗುರುತಿಸತಕ್ಕದ್ದು” ಎಂದು ಅವಳು ತಿದ್ದಿದಳು. ಹೊಸ ಐವತ್ತು ಸುದ್ದಿಗಳು ಬಂದವು. ಈ ಸಲ ನಲವತ್ತನಾಲ್ಕರಲ್ಲಿ ಒಮ್ಮತ, 0.82. ಅಂದು ರಾತ್ರಿ ನಮ್ಮ ಮನೆಯಲ್ಲಿ ಪಾಯಸವಾಯಿತು.

ಆ ಕಾಗದಗಳನ್ನು ಹಿಡಿದು ಅವಳು ಮಾರ್ಗದರ್ಶಕರಲ್ಲಿಗೆ ಹೋದಳು. ಅರ್ಧ ದಿನ ಕಳೆದರೂ ಬರಲಿಲ್ಲವೆಂದು ನಾವು ಗಾಬರಿಗೊಂಡಿದ್ದರೆ, ಅವರು ಇವಳನ್ನು ಕೂರಿಸಿಕೊಂಡು ಉಳಿದ ಸಂಶೋಧಕರಿಗೂ ಆ ಲೆಕ್ಕ ಹೇಳಿಸುತ್ತಿದ್ದರಂತೆ. ಮುಂದೆ ಪರವೂರಿನ ವಿಚಾರ ಸಂಕಿರಣವೊಂದರಲ್ಲಿ ಪ್ರಬಂಧ ಮಂಡಿಸಲು ಕರೆ ಬಂತು. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಕಟ್ಟಳೆಯನ್ನು ಯು.ಜಿ.ಸಿ. 2022ರಲ್ಲಿ ಕೈಬಿಟ್ಟಿದೆ, ಕೆಲಸ ಕೊಡುವವರು ಕೈಬಿಟ್ಟಿಲ್ಲ. ಹತ್ತು ನಿಮಿಷದ ಭಾಷಣಕ್ಕೆ ನಮ್ಮ ಹಜಾರದಲ್ಲಿ ಆರು ಸಂಜೆ ತಾಲೀಮು ನಡೆಯಿತು. ತಲೆ ತಗ್ಗಿಸಿದಾಗಲೆಲ್ಲ ನನ್ನಾಕೆ ಸೌಟಿನಿಂದ ಮೇಜು ಕುಟ್ಟುತ್ತಿದ್ದಳು.

ಮಹಾಪ್ರಬಂಧ ಈಗ ಬೈಂಡಾಗಿ ನಮ್ಮ ಮೇಜಿನ ಮೇಲಿದೆ. ಒಳಗೆ ನಮ್ಮ ಹೆಸರುಗಳಿಲ್ಲ; ‘ಕೋಡರ್ 1’, ‘ಕೋಡರ್ 2’ ಎಂದಷ್ಟೇ ಇದೆ. ಒಂದು ಯಾರು, ಎರಡು ಯಾರು ಎಂದು ನನ್ನಾಕೆ ಕೇಳುತ್ತಲೇ ಇದ್ದಾಳೆ. ಹುಡುಗಿ ನಗುತ್ತಾಳೆಯೇ ಹೊರತು ಹೇಳುವುದಿಲ್ಲ.