ಕೋಟದ ಹೊಳ್ಳರ ಮಗಳು

ಆಟಿ ತಿಂಗಳ ಮಳೆ. ಸಂತೆಕಟ್ಟೆಯಲ್ಲಿ ಮಧ್ಯಾಹ್ನ ಹೋದ ಕರೆಂಟು ರಾತ್ರಿಯಾದರೂ ಬಂದಿರಲಿಲ್ಲ. ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೇಳೆ ಸುಡುತ್ತಾ ಕೂತಿದ್ದೆವು. ಪಕ್ಕದ ಮನೆಯ ಹುಡುಗನೂ ಇದ್ದ. ತೆಂಗಿನಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ಇಲ್ಲದವ. “ಅಜ್ಜ, ಎಂತಾದರೂ ಹೇಳಿ” ಅಂದ. ಹೇಳಿದೆ.

2001ರ ಜನವರಿ. ನಾನಾಗ ಸಿಂಡಿಕೇಟ್ ಬ್ಯಾಂಕಿನಲ್ಲಿ ಗುಮಾಸ್ತ. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಬ್ಯಾಂಕು, ಹೆಡ್ಡಾಫೀಸು ಆಗ ಮಣಿಪಾಲದಲ್ಲಿತ್ತು. ಪೇಪರು ಬಿಡಿಸಿದರೆ ಪದ್ಮಶ್ರೀ ಪಟ್ಟಿಯಲ್ಲಿ ಮಾಲತಿ ಹೊಳ್ಳ, ಬೆಂಗಳೂರಿನಲ್ಲಿ ನಮ್ಮ ಬ್ಯಾಂಕಿನ ಕೆಲಸದಲ್ಲಿದ್ದವರು! ಪಿಗ್ಮಿ ಪುಸ್ತಕ ಹಿಡಿದು ನಿಂತಿದ್ದ ಒಬ್ಬರು “ಅದು ನಮ್ಮ ಕೋಟದ ಹೊಳ್ಳರ ಮಗಳಲ್ಲವಾ?” ಅಂದದ್ದೇ ತಡ, ಚಲನ್ ಬರೆಯುತ್ತಿದ್ದವರೂ ಪೆನ್ನು ಕೆಳಗಿಟ್ಟರು. ಬ್ರಹ್ಮಾವರ, ಸಾಲಿಗ್ರಾಮ ದಾಟಿದರೆ ಕೋಟ. ಆ ದಿನ ಅರ್ಧ ಊರು ಅವರ ನೆಂಟರೇ.

ಮಾಲತಿ 14 ತಿಂಗಳ ಮಗುವಾಗಿದ್ದಾಗ ಜ್ವರ ಬಂದು ಇಡೀ ಮೈ ಸೋತುಹೋಯಿತು. ಎರಡು ವರ್ಷಕ್ಕೂ ಮೇಲೆ ಕರೆಂಟಿನ ಚಿಕಿತ್ಸೆ. ಮೇಲಿನ ಮೈಗೆ ಬಲ ಬಂತು, ಕಾಲಿಗೆ ಬರಲಿಲ್ಲ. ಮತ್ತೆ ಆಪರೇಶನ್ನುಗಳು, ಮದ್ರಾಸಿನಲ್ಲಿ ವರ್ಷಗಟ್ಟಲೆ ವಾಸ. ತೋಳಿನ ಬಲದಲ್ಲೇ ಗುಂಡು, ಡಿಸ್ಕಸ್, ಜಾವೆಲಿನ್ ಎಸೆದರು; ವ್ಹೀಲ್‌ಚೇರ್ ಓಟವನ್ನೂ ಬಿಡಲಿಲ್ಲ. 1988ರಲ್ಲಿ ಸೋಲ್ ಪ್ಯಾರಾಲಿಂಪಿಕ್ಸ್. ಮರುವರ್ಷ ಡೆನ್ಮಾರ್ಕಿನ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 200 ಮೀಟರ್ ಓಟಕ್ಕೂ ಮೂರು ಎಸೆತಕ್ಕೂ ಚಿನ್ನ. 1995ರಲ್ಲಿ ಅರ್ಜುನ ಪ್ರಶಸ್ತಿ.

“ಕೂತು ಎಸೆಯುವುದು ಹೇಗೆ ಅಜ್ಜ?”

ಕುರ್ಚಿಯನ್ನು ಪಟ್ಟಿ ಹಾಕಿ ನೆಲಕ್ಕೆ ಬಿಗಿಯುತ್ತಾರೆ, ಒಂದಿಷ್ಟೂ ಅಲುಗಬಾರದು. ನಿಂತು ಎಸೆಯುವವನಿಗೆ ಬಲ ಹುಟ್ಟುವುದು ಕಾಲಲ್ಲಿ. ಇಲ್ಲಿ ಆ ಲೆಕ್ಕವೇ ಇಲ್ಲ. ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿದು, ಭುಜ ಹಿಂದಕ್ಕೆ ತಿರುಗಿಸಿ, ಒಮ್ಮೆಲೇ ಮುಂದಕ್ಕೆ ದೂಡಬೇಕು. ಆ ಭರದಲ್ಲಿ ಕೂತಲ್ಲಿಂದ ಮೈ ಎದ್ದಿತೋ, ಫೌಲ್. ಒಂದು ಕಟ್ಟಿಗೆ ತುಂಡು ಹಿಡಿದು ತೋರಿಸಿಯೂ ತೋರಿಸಿದೆ. ಹಂಡೆಗೆ ತಾಗಿ ಮನೆಯವಳ ಬೈಗುಳ ಸಿಕ್ಕಿತು.

ಛಲ, ದೈವಕೃಪೆ ಅಂತ ಭಾಷಣ ಮಾಡುವವರು ಮಾಡಲಿ. ನಾನು ಬ್ಯಾಂಕಿನವ, ನನಗೆ ಮೊದಲು ಕಾಣುವುದು ತಿಂಗಳ ಸಂಬಳ. ಬದುಕಿಗೆ ಒಂದು ಖಾತ್ರಿ ಇದ್ದರೆ ತಾನೇ ಆಟ! ಅಂಗವಿಕಲ ಮಕ್ಕಳಿಗೆ ಮಾತೃ ಫೌಂಡೇಶನ್ ಕಟ್ಟಿದ ಮಾಲತಿಯವರಿಗೆ ಇದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಈ ಹುಡುಗನ ಹಾಗೇ ಬೆನ್ನಿಗೆ ಪೆಟ್ಟಾದ ಮುರಳಿಕಾಂತ್ ಪೇಟ್ಕರ್ ಅಂತ ಸೇನೆಯ ಬಾಕ್ಸರ್ ಒಬ್ಬರಿದ್ದಾರೆ. 1965ರ ಯುದ್ಧದ ಗುಂಡು ಬೆನ್ನುಮೂಳೆಯಲ್ಲಿ ಕೂತಿತು. 1972ರಲ್ಲಿ ಹೈಡಲ್‌ಬರ್ಗಿನಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು, ಜಾವೆಲಿನ್ನೂ ಎಸೆದಿದ್ದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಸರಕಾರದ ಕಡತ ನಮ್ಮ ಬ್ಯಾಂಕಿನ ಕಡತಕ್ಕಿಂತ ನಿಧಾನ, ಮಾರಾಯ.

ಹುಡುಗ ಬೇಳೆಯ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿದ. “ಗಂಡಸರಿಗೆ ಗುಂಡು ಎಷ್ಟು ತೂಕ?”

“ಅವರವರ ವರ್ಗದ ಮೇಲೆ. ಹೆಚ್ಚಿನವರಿಗೆ ನಾಲ್ಕು ಕಿಲೋ.”

“ಅಷ್ಟೇಯಾ? ಸಂತೆಯಲ್ಲಿ ತಕ್ಕಡಿಗೆ ಐದು ಕಿಲೋದ ಕಲ್ಲನ್ನು ಒಂದೇ ಕೈಯಲ್ಲಿ ಇಡುತ್ತಿದ್ದೆನಲ್ಲ ಅಜ್ಜ!”