ಮೊಹರು ಯಾರ ಕೈಯಲ್ಲಿ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಪಂಚಾಯತಿಯ ಅಧ್ಯಕ್ಷಿಣಿಯನ್ನು ಕಾಣದವರು ಈಗ ವಿರಳ. 1987ರ ಮಂಡಲ ಪಂಚಾಯತಿಗಳ ಚುನಾವಣೆಯಲ್ಲಿ ನಮ್ಮ ರಾಜ್ಯವು ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಕಾದಿರಿಸಿತ್ತು. ಮುಂದೆ ಅದು ನೂರಕ್ಕೆ 50 ಆಯಿತು. ಇಷ್ಟಿದ್ದೂ 2023ರಲ್ಲಿ ಈ ಜಿಲ್ಲೆಯ ಐದೂ ಕ್ಷೇತ್ರಗಳಿಂದ ವಿಧಾನಸಭೆಗೆ ಆರಿಸಿ ಹೋದವರು ಪುರುಷರೇ. ರಾಜ್ಯದ 224 ಸ್ಥಾನಗಳಲ್ಲಿ ಸ್ತ್ರೀಯರಿಗೆ ದೊರೆತವು ಹತ್ತು. ಆ ಮೇ ತಿಂಗಳಲ್ಲಿ ರಚಿತವಾದ ಮಂತ್ರಿಮಂಡಲದಲ್ಲಿ ಲಕ್ಷ್ಮೀ ಹೆಬ್ಬಾಳಕರರೊಬ್ಬರೇ ಸ್ತ್ರೀ. ಹಳ್ಳಿಯ ಕಟ್ಟೆಯಿಂದ ವಿಧಾನಸೌಧಕ್ಕೆ ಹೋಗುವ ದಾರಿಯಲ್ಲಿ ಉಳಿದವರೆಲ್ಲ ಎಲ್ಲಿ ನಿಂತುಹೋದರು?

ಯೋಗ್ಯತೆ ಸಾಲದೆಂಬ ಮಾತನ್ನು ನಾವು ಒಪ್ಪಲಾರೆವು. ಕುಷ್ಟಗಿಯ ಪಡುವಲಕ್ಕಿರುವ ಕಿಸುಕಾಡು ಸೀಮೆಯನ್ನು ಹನ್ನೊಂದನೆಯ ಶತಮಾನದಲ್ಲಿ ಆಳಿದವಳು ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ. ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿದ್ದರು. 2017ರಲ್ಲಿ ರತ್ನಪ್ರಭಾ, 2024ರಲ್ಲಿ ಶಾಲಿನಿ ರಜನೀಶ್ ಸರಕಾರದ ಮುಖ್ಯ ಕಾರ್ಯದರ್ಶಿಗಳಾದರು. ಪರೀಕ್ಷೆ, ಸೇವೆಯ ಹಿರಿತನಗಳಿಂದ ಏರುವ ನಿಚ್ಚಣಿಕೆಯಲ್ಲಿ ಸ್ತ್ರೀಯು ತುದಿಯನ್ನು ಮುಟ್ಟಿದ್ದಾಳೆ. ನಾಲ್ಕು ಜನ ಕೂಡಿ ಹೆಸರು ಸೂಚಿಸಬೇಕಾದ ನಿಚ್ಚಣಿಕೆಯಲ್ಲಿಯೇ ತೊಡಕು.

ನಮ್ಮೂರ ಪಂಚಾಯತಿಯ ಸ್ಥಾನವೊಂದು ಸ್ತ್ರೀಯರ ಪಾಲಿಗೆ ಬಂದ ವರ್ಷ ಕೆಲವು ಹಿರಿಯರು ನಮ್ಮ ಪಡಸಾಲೆಗೆ ಬಂದು, “ಸೊಸೆಯನ್ನು ನಿಲ್ಲಿಸಿರಿ, ಅಧ್ಯಕ್ಷಳನ್ನಾಗಿ ಮಾಡುವದು ನಮ್ಮ ಹೊಣೆ, ಕಾಗದಪತ್ರಗಳನ್ನು ನಿಮ್ಮ ಮಗನು ನೋಡಿಕೊಳ್ಳಲಿ” ಎಂದರು. ಕೇಳಿದ್ದು ನಮ್ಮನ್ನು; ಅವಳನ್ನಲ್ಲ. ಚಹ ತಂದಿಟ್ಟ ಸೊಸೆಯು ಬಾಗಿಲಲ್ಲಿಯೇ ನಿಂತು, “ನಾನು ಗೆದ್ದರೆ ಮೊಹರು ಯಾರ ಹತ್ತಿರ ಇರುವದು?” ಎಂದಳು. ಹಿರಿಯರು ಉತ್ತರ ಕೊಡಲಿಲ್ಲ. ಚಹವನ್ನು ಮಾತ್ರ ಪೂರ್ತಿಯಾಗಿ ಕುಡಿದರು. ಎರಡು ದಿನಗಳಲ್ಲಿ ಬೇರೊಂದು ಮನೆಯ ಹೆಸರು ಗೊತ್ತಾಯಿತು.

ಮೊಹರನ್ನು ತಾನೇ ಹಿಡಿದವಳಿಗೂ ಮುಂದಿನ ದಾರಿ ಸುಲಭವಲ್ಲ. ನೀರಿನ ಯೋಜನೆ, ರಸ್ತೆಯ ಅಂದಾಜು, ಕೂಲಿಯ ಲೆಕ್ಕ ಇವುಗಳನ್ನು ಕಲಿಯುವಷ್ಟರಲ್ಲಿ ಅವಧಿ ತೀರಿ, ಮೀಸಲಾತಿಯ ಸರದಿ ಬದಲಾಗುವದು. “ಇನ್ನು ಗಂಡಸರ ಪಾಳಿ” ಎಂದು ಊರು ಹೇಳುವದು. ಸಾಮಾನ್ಯ ಸ್ಥಾನಕ್ಕೆ ಸ್ತ್ರೀಯು ನಿಲ್ಲಬಾರದೆಂದು ಯಾವ ಕಾನೂನಿನಲ್ಲಿಯೂ ಇಲ್ಲ. ಆದರೆ ಸಾಮಾನ್ಯವೆಂದರೆ ಪುರುಷರದೆಂದೇ ನಮ್ಮವರ ಅರ್ಥ. ವಿಧಾನಸಭೆಯ ಟಿಕೀಟಿನ ಮಾತಂತೂ ಹಣ, ಜಾತಿಯ ಲೆಕ್ಕ, ಸರಿರಾತ್ರಿಯ ಬೈಠಕುಗಳಲ್ಲಿ ನಡೆಯುವದು. ಅಂಥ ಬೈಠಕಿಗೆ ನಮ್ಮ ಮನೆಯ ಹೆಣ್ಣುಮಗಳನ್ನು ನಾವು ಕಳುಹುವೆವೆ? ಕಳುಹಿದರೂ ಮರುದಿನ ಬೆಳಗಿನ ರೊಟ್ಟಿಯನ್ನು ಯಾರು ಬಡಿಯುವರು? ಗೋವೆಯಲ್ಲಿ 1973ರಲ್ಲಿ ಮುಖ್ಯಮಂತ್ರಿಯಾದ ಶಶಿಕಲಾ ಕಾಕೋಡಕರರು ಆ ಪದವಿಯಲ್ಲಿದ್ದ ತಂದೆಯ ಮರಣಾನಂತರ ಅದನ್ನು ಪಡೆದವರು. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರು 1991ರಲ್ಲಿ ತಮಿಳುನಾಡಿಗೆ ಮುಖ್ಯಮಂತ್ರಿಯಾದರು. ಇಲ್ಲಿಯೇ ಉಳಿದಿದ್ದರೆ ಆಗುತ್ತಿದ್ದರೋ ಏನೋ!

ಲೋಕಸಭೆ, ವಿಧಾನಸಭೆಗಳಲ್ಲಿ ಸ್ತ್ರೀಯರಿಗೆ ಮೂರರಲ್ಲೊಂದು ಪಾಲು ಕೊಡುವ ತಿದ್ದುಪಡಿಯು 2023ರಲ್ಲಿ ಅಂಗೀಕೃತವಾಯಿತು. ಆದರೆ ಜನಗಣತಿ, ಕ್ಷೇತ್ರಗಳ ಪುನರ್ವಿಂಗಡಣೆಗಳಾದ ಮೇಲೆಯೇ ಜಾರಿಯೆಂಬ ಷರತ್ತನ್ನೂ ಅದರೊಡನೆ ಸೇರಿಸಿದರು. ಪಕ್ಷಗಳವರು ತಾವಾಗಿ ಟಿಕೀಟು ಕೊಡುವದಕ್ಕೆ ಅಂಥ ಷರತ್ತೇನೂ ಇಲ್ಲ. ಈ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಎರಡನ್ನಾದರೂ ಪಂಚಾಯತಿಯಲ್ಲಿ ದುಡಿದು ಪಳಗಿದ ಹೆಣ್ಣುಮಕ್ಕಳಿಗೆ ಕೊಡುವಿರಾ ಎಂದು, ಮತ ಬೇಡಲು ಬಂದವರನ್ನು ಕೇಳಬೇಕೆಂದು ನಮ್ಮ ಮನೆಯಲ್ಲಿ ಮಾತಾಗಿದೆ. ಕೇಳುವವಳು ಸೊಸೆ.