ಹೆತ್ತವರ ಹಿಗ್ಗು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಆಡಿ ನಮ್ಮ ಹಿರಿಯರು ನಕ್ಕರೇ ಹೊರತು, ಆ ಮುದ್ದು ಬೇಡವೆಂದು ಹೇಳಿದವರಲ್ಲ. ವಾಚಕ ಮಹಾಶಯರು ತಮ್ಮ ತಮ್ಮ ಮನೆಗಳನ್ನೇ ಒಮ್ಮೆ ನೆನೆದುಕೊಳ್ಳಬೇಕು. ಮೂರು ವರುಷದ ಕೂಸು ಜಾಣತನದ ಒಂದು ಮಾತನ್ನಾಡಿತೆಂದರೆ ಸಾಕು, ಆ ಮಾತು ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ನೆರೆಮನೆಗೆ, ಅಲ್ಲಿಂದ ಬೀಗರ ಊರಿನವರೆಗೂ ಸಾಗುವುದು. ಹಿಂದೆ ಬೀಗರ ಊರನ್ನು ಅದು ಮುಟ್ಟಬೇಕಾದರೆ ಒಂದು ಹಬ್ಬವಾದರೂ ಬರಬೇಕಾಗಿತ್ತು. ಈಗ ಮೊಬೈಲ್ ಫೋನಿನ ದೆಸೆಯಿಂದ ಮಗು ಬಾಯಿ ಮುಚ್ಚುವುದರೊಳಗೆ ಮುಟ್ಟಿರುತ್ತದೆ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿಯೂ ನಾಲ್ಕು ವರುಷದ ಮೊಮ್ಮಗಳೊಬ್ಬಳಿದ್ದಾಳೆ. ದಿನವೂ ಬೆಳಿಗ್ಗೆ ಹೂ ಮಾರುವ ಹೆಂಗಸೊಬ್ಬರು ಬಾಗಿಲಿಗೆ ಬರುತ್ತಾರೆ. ಅವರ ಮನೆಮಾತು ತಮಿಳು. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ಹಿರಿಯ ವಾಚಕರು ಬಲ್ಲರು. ಗಡಿ ಸರಿದ ಮಾತ್ರಕ್ಕೆ ಜನರ ನಾಲಗೆ ಸರಿಯುವುದಿಲ್ಲವಷ್ಟೆ. ಈ ಮಗು ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುತ್ತಲೇ ಹೊಸಿಲಿಗೆ ಓಡಿ, ಹೂವಮ್ಮನೊಡನೆ ತಮಿಳಿನಲ್ಲಿ ಚೌಕಾಸಿ ಮಾಡಿ, ಮತ್ತೆ ಒಳಗೆ ಬಂದು ಕನ್ನಡದಲ್ಲಿ ಲೆಕ್ಕ ಒಪ್ಪಿಸುತ್ತದೆ. ಯಾರೂ ಕಲಿಸಿದ್ದಲ್ಲ. ಹಾಗೇಕೆ ಮಾತು ಬದಲಿಸುತ್ತೀಯೆ ಎಂದು ನಾನು ಕೇಳಿದಾಗ, “ತಾತಾ, ಹೂವಮ್ಮನ ಕಿವಿಗೆ ಆ ಮಾತೇ ಚೆನ್ನಾಗಿ ಕೇಳಿಸೋದು” ಎಂದಳು.

ಇದನ್ನು ಕೇಳಿದ ನನ್ನ ಮಗನ ಹಿಗ್ಗು ಹೇಳತೀರದು. ಅಂದಿನ ಸಂಜೆಯೇ ನೆಂಟರ ನಡುವೆ ಮಗುವನ್ನು ನಿಲ್ಲಿಸಿ, ಫೋನನ್ನು ಅದರ ಮುಖಕ್ಕೆ ಹಿಡಿದು, “ಎಲ್ಲಿ ಪುಟ್ಟೀ, ತಮಿಳು ಮಾತಾಡು” ಎಂದು ಅಂಗಲಾಚಿದನು. ಮಗು ಸುತ್ತಲೂ ನೋಡಿ, “ಹೂವಮ್ಮ ಇಲ್ಲವಲ್ಲ” ಎಂದು ಹೇಳಿ ಆಡಲು ಹೊರಟುಹೋಯಿತು. ನೆಂಟರೆಲ್ಲ ನಕ್ಕರು. ನನಗಾದರೋ ಆ ಉತ್ತರವೇ ಬೆಳಗಿನ ಮಾತಿಗಿಂತಲೂ ಮಿಗಿಲಾಗಿ ಕಂಡಿತು. ಮಾತೆಂಬುದು ಕೇಳುವವರಿಗಾಗಿ ಇರುವುದೆಂಬುದನ್ನು ಆ ಮಗು ತಿಳಿದಿತ್ತು. ನಾವು ಅದನ್ನು ಪ್ರದರ್ಶನದ ವಸ್ತುವೆಂದು ಬಗೆದಿದ್ದೆವು.

ನಮ್ಮ ಸೀಮೆಯಲ್ಲಿ ಹಿಂದೆ ಮಕ್ಕಳನ್ನು ಎದುರಿಗೆ ಹೊಗಳುವ ವಾಡಿಕೆ ಇರಲಿಲ್ಲ. ದೃಷ್ಟಿಯಾದೀತೆಂಬ ಅಂಜಿಕೆಯಿಂದ ಕೆನ್ನೆಗೆ ಕಪ್ಪಿಡುತ್ತಿದ್ದ ತಾಯಂದಿರೇ ಬಾಯಿಮಾತಿನಲ್ಲಿ ಮಗುವನ್ನು ಪೆದ್ದು, ಕತ್ತೆ ಎಂದು ಹಳಿಯುತ್ತಿದ್ದರು. ನನ್ನ ತಂದೆಯವರು ನನ್ನನ್ನು ಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿಸಲು ಕರೆತಂದಾಗ ಶ್ರೀಗಳವರ ಮುಂದೆ ಕೈಮುಗಿದು ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಇವನು ದನ ಕಾಯಾಕೂ ಬರಾಕಿಲ್ಲ ಬುದ್ಧೀ, ನೀವೇ ಇಟ್ಕೊಂಡು ಓದಿಸಿ.” ನಾನು ದನಗಳನ್ನು ಚೆನ್ನಾಗಿಯೇ ಕಾಯುತ್ತಿದ್ದೆನೆಂಬುದು ಅವರಿಗೆ ಗೊತ್ತಿತ್ತು. ನಾನು ಹೊರಟುಬಂದ ಮೇಲೆ ನಮ್ಮ ಎತ್ತುಗಳ ಹಿಂದೆ ಅವರೇ ನಡೆಯಬೇಕಾಯಿತು. ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಇಂತಹ ತಂದೆಯರ ಮಕ್ಕಳೇ ಆಗಿರುವುದರಿಂದ ಇದನ್ನು ಹೆಚ್ಚು ಬೆಳೆಸಬೇಕಾಗಿಲ್ಲ.

ಆದರೆ ಇದಕ್ಕೆ ತಿರುಗುಮುರುಗಾದ ತಂದೆಯೊಬ್ಬನನ್ನು ನಾನು ಕಂಡದ್ದುಂಟು. 1983ರ ಸುಮಾರಿಗೆ ನಾನು ಹನೂರಿನ ಕಡೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆನು. ಹನೂರು ಆಗ ತಾಲ್ಲೂಕಾಗಿರಲಿಲ್ಲ, ಚಾಮರಾಜನಗರ ಜಿಲ್ಲೆಯೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1997ರಲ್ಲಿ. ಆ ಹಳ್ಳಿಯಲ್ಲಿ ರೇಷ್ಮೆ ಸಾಕುವ ಒಕ್ಕಲಿನ ಎಂಟು ಒಂಬತ್ತು ವರುಷದ ಹುಡುಗಿಯೊಬ್ಬಳಿದ್ದಳು. ಆಕೆಯ ಜಾಣ್ಮೆಯನ್ನು ಆಕೆಯ ತಂದೆ ಊರಿಗೆಲ್ಲ ಸಾರುತ್ತಿದ್ದನು.

ಹುಳು ಸಾಕಣೆಯನ್ನು ಕಾಣದ ವಾಚಕರಿಗಾಗಿ ನಾಲ್ಕು ಮಾತು. ತತ್ತಿಯೊಡೆದ ಹುಳು ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ಇಪ್ಪತ್ತೈದು ದಿನ ಹಿಪ್ಪುನೇರಳೆ ಸೊಪ್ಪನ್ನು ತಿನ್ನುತ್ತದೆ. ಆ ನಡುವೆ ನಾಲ್ಕು ಬಾರಿ ಪೊರೆ ಬಿಡುತ್ತದೆ. ಸಾಕುವವರು ಇದನ್ನು ‘ಜ್ವರ’ ಎನ್ನುವರು. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿ ಅಲುಗದೆ ಇರುವುದು, ಮೇವು ಮುಟ್ಟದು. ಆಗ ಸೊಪ್ಪು ಹಾಕಿದರೆ ತಟ್ಟೆಯಲ್ಲಿ ಅದು ಕೊಳೆತು ರೋಗಕ್ಕೆ ದಾರಿಯಾಗುವುದು. ಎಲ್ಲ ಹುಳುಗಳೂ ಏಳುವ ಮುನ್ನ ಮೇವು ಕೊಟ್ಟರೆ ಕೆಲವು ಮುಂದೆ, ಕೆಲವು ಹಿಂದೆ ಬೆಳೆದು ಬೆಳೆ ಏರುಪೇರಾಗುವುದು. ನಾಲ್ಕನೆಯ ಜ್ವರದಿಂದೆದ್ದ ಮೇಲೆ ಹೊಟ್ಟೆಬಾಕತನ ಎಷ್ಟೆಂದರೆ, ತನ್ನ ಜೀವಮಾನದ ಮೇವಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಹುಳು ಆ ಕೊನೆಯ ಒಂದು ವಾರದಲ್ಲಿಯೇ ತಿನ್ನುತ್ತದೆ. ಬಳಿಕ ಮೈ ತಿಳಿಯಾಗಿ ಹಣ್ಣಾಗುವುದು. ಹಣ್ಣಾದ ಹುಳುವನ್ನು ಆ ಹೊತ್ತಿನಲ್ಲಿಯೇ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ತಟ್ಟೆಯಲ್ಲಿಯೇ ವ್ಯರ್ಥವಾಗುವುದು.

ಆ ಹುಡುಗಿಯ ಕಣ್ಣು ಇವೆಲ್ಲವನ್ನೂ ಬಲ್ಲುದಾಗಿತ್ತು. ಒಂದು ರಾತ್ರಿ ತಂದೆ ಸೊಪ್ಪು ಕತ್ತರಿಸುತ್ತಿದ್ದಾಗ ಈಕೆ ಬುಡ್ಡಿಯ ಬೆಳಕಿನಲ್ಲಿ ತಟ್ಟೆಯನ್ನು ನೋಡಿ, “ಹಾಕಬ್ಯಾಡ ಅಪ್ಪಾ, ಇವು ತಲೆ ಎತ್ಕೊಂಡು ಸುಮ್ಮನವೆ” ಎಂದಳಂತೆ. ಊಜಿ ನೊಣವು ಕರ್ನಾಟಕಕ್ಕೆ ಬಂದಿದ್ದು 1980ರಲ್ಲಿ. ದೊಡ್ಡವರೇ ಅದರ ಗುರುತು ಹಿಡಿಯಲು ತಡಕಾಡುತ್ತಿದ್ದ ಆ ದಿನಗಳಲ್ಲಿ ಹುಳುವಿನ ಮೈಮೇಲಿನ ಕಪ್ಪು ಚುಕ್ಕೆಯನ್ನು ಕಂಡು ಅಂತಹವನ್ನು ಬೇರೆ ಮಾಡುತ್ತಿದ್ದಳು. ಇದನ್ನು ತಂದೆ ನನಗೆ ಮೂರು ನಾಲ್ಕು ಬಾರಿಯಾದರೂ ಹೇಳಿರಬೇಕು. ಹೇಳುವಾಗ ಆತನ ಕಣ್ಣು ತುಂಬಿಬರುತ್ತಿತ್ತು.

ಮತ್ತು ಆ ಕಾರಣದಿಂದಲೇ ಆತ ಮಗಳನ್ನು ಶಾಲೆಗೆ ಕಳುಹಿಸುತ್ತಿರಲಿಲ್ಲ! ಮಂಕಾದ ಇಬ್ಬರು ಗಂಡುಮಕ್ಕಳು ನನ್ನ ಎದುರಿಗೆ ಸ್ಲೇಟು ಹಿಡಿದು ತೂಕಡಿಸುತ್ತಿದ್ದರು. ನಾನು ಅವರ ಮನೆಗೆ ಹೋಗಿ ಕೇಳಿದಾಗ, “ಅವಳಿಲ್ದೆ ಬೆಳೆ ಕೈಗೆ ಬರಾಕಿಲ್ಲ ಮೇಷ್ಟ್ರೇ, ಮನೆಗೆ ಅವಳೇ ಲಕ್ಷ್ಮಿ” ಎಂದನು. ಇದು ಕಪಟದ ಮಾತಲ್ಲ. ಮಗಳನ್ನು ಕಡೆಗಣಿಸುವ ತಂದೆಯೊಡನೆ ವಾದಿಸಬಹುದು. ಮೆಚ್ಚಿ ಕಟ್ಟಿಹಾಕುವ ತಂದೆಯೊಡನೆ ಏನೆಂದು ವಾದಿಸೋಣ? ಆರರಿಂದ ಹದಿನಾಲ್ಕರವರೆಗಿನ ಮಕ್ಕಳ ಶಿಕ್ಷಣವನ್ನು ಹಕ್ಕೆಂದು ಸಾರಿದ ಕಾಯಿದೆ 2009ರದು. ಅಂದು ನನ್ನ ಕೈಯಲ್ಲಿದ್ದದ್ದು ಬೇಡಿಕೊಳ್ಳುವ ಮಾತೊಂದೇ.

ಕೊನೆಗೊಂದು ಒಪ್ಪಂದವಾಯಿತು. ಕೊನೆಯ ವಾರವೊಂದನ್ನು ಬಿಟ್ಟು ಉಳಿದ ದಿನಗಳಲ್ಲಿ ಹುಡುಗಿ ಶಾಲೆಗೆ ಬರತಕ್ಕದ್ದು. ಸೊಪ್ಪಿನ ಹಸಿರು ಮೆತ್ತಿದ ಕೈಗಳಲ್ಲಿಯೇ ಅವಳು ಬಂದು ಕೂರುತ್ತಿದ್ದಳು. ಏಳನೆಯ ತರಗತಿಯನ್ನು ಮುಗಿಸಿದಳು. ಮುಂದಿನ ಓದಿಗೆ ಹನೂರಿಗೆ ಹೋಗಬೇಕಾಗಿತ್ತು. ತಂದೆ ಒಪ್ಪಲಿಲ್ಲ. ಅಷ್ಟರಲ್ಲಿ ನನಗೂ ಯಳಂದೂರಿನ ಕಡೆಗೆ ವರ್ಗವಾಯಿತು.

ಯಳಂದೂರೆಂದೊಡನೆ ನಮ್ಮ ವಾಚಕರಿಗೆ ಷಡಕ್ಷರದೇವ ನೆನಪಾಗುವುದು ಸಹಜ. ಸಂಚಿಯ ಹೊನ್ನಮ್ಮನೂ ಅದೇ ಊರಿನವಳು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಅಡಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಈ ಹೆಣ್ಣುಮಗಳು ರಾಣಿ ದೇವಾಜಮ್ಮಣ್ಣಿಯ ಪ್ರೋತ್ಸಾಹದಿಂದ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದಳು. ಪತಿವ್ರತೆಯ ನಡೆಯನ್ನು ಹೇಳುವ ಆ ಗ್ರಂಥದ ನಡುವೆಯೇ ಹೆಣ್ಣುಕೂಸನ್ನು ಕೀಳೆಂದು ಕಾಣುವವರನ್ನು ಆಕೆ ತರಾಟೆಗೆ ತೆಗೆದುಕೊಂಡಿದ್ದಾಳೆ. ಸಂಚಿಯನ್ನು ಚೆನ್ನಾಗಿ ಹಿಡಿಯುತ್ತಾಳೆ, ಇಷ್ಟು ಸಾಕು, ಎಂದು ರಾಣಿಯು ಮೆಚ್ಚಿ ಸುಮ್ಮನಾಗಿದ್ದರೆ ಆ ಗ್ರಂಥ ನಮಗೆ ದೊರೆಯುತ್ತಿತ್ತೇ? ಯಳಂದೂರಿನ ಶಾಲೆಯಲ್ಲಿ ಹೊನ್ನಮ್ಮನ ಪಾಠ ಮಾಡುವಾಗಲೆಲ್ಲ ನನಗೆ ಆ ಹಸಿರು ಕೈಗಳು ನೆನಪಾಗುತ್ತಿದ್ದವು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಅರವತ್ತೊಂದು, ನಾಡಿನದು ಎಪ್ಪತ್ತೈದು ಎಂದು ಓದಿದಾಗಲೂ ನೆನಪಾದವು.

ಕಳೆದ ವರುಷ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯ ಬಳಿ ಹೋಗುತ್ತಿದ್ದಾಗ ಐವತ್ತು ದಾಟಿದ ಹೆಂಗಸೊಬ್ಬರು ನನ್ನನ್ನು ತಡೆದು ನಿಲ್ಲಿಸಿ ಕಾಲಿಗೆರಗಿದರು. ಗುರುತು ಹಿಡಿಯಲು ಕೊಂಚ ಹೊತ್ತಾಯಿತು. ಅಂದಿನ ತಮ್ಮ ಗೂಡಿನ ತೂಕ, ಧಾರಣೆ, ಬರಬೇಕಾದ ಹಣ ಎಲ್ಲವನ್ನೂ ಕಾಗದವಿಲ್ಲದೆ ಹೇಳಿದರು. ಮಕ್ಕಳೆಷ್ಟು ಎಂದೆನು. ಒಬ್ಬಳೇ ಮಗಳು, ಮೈಸೂರಿನಲ್ಲಿ ನರ್ಸಿಂಗ್ ಓದಿ ಅಲ್ಲಿಯೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳಂತೆ. ನಿಮ್ಮಂತೆಯೇ ಜಾಣೆಯೋ ಎಂದು ಕೇಳಿದೆನು.

ಅವರು ಸೆರಗಿನಿಂದ ಬಾಯಿ ಮರೆಮಾಡಿಕೊಂಡು ನಕ್ಕು, “ಅಯ್ಯೋ, ಬಲು ದಡ್ಡಿ ಮೇಷ್ಟ್ರೇ. ಹುಳ ಜ್ವರಕ್ಕೆ ಕೂತದೋ ಎದ್ದದೋ ಅನ್ನೋದೂ ಗೊತ್ತಾಗಾಕಿಲ್ಲ ಅವಳಿಗೆ” ಎಂದರು.